ಮನೆಯಲ್ಲೇ ಆರೈಕೆಯೋ, ವೃದ್ಧಾಶ್ರಮವೋ? ಬೆಳಗಾವಿಯವರಿಗೊಂದು ಹೋಲಿಕೆ

ಮೊದಲು ನೋಡಬೇಕಾದ್ದು ರಾತ್ರಿಯ ಹೊತ್ತು: ಹಿರಿಯರು ತಾವೇ ಎದ್ದು ಬಚ್ಚಲಿಗೆ ಹೋಗಬಲ್ಲರೇ?

ಹೋಗಬಲ್ಲರಾದರೆ ಮನೆಯೇ ಮೇಲು. ಹಗಲಿಗೊಬ್ಬ ಆರೈಕೆಯವರು ಸಾಕು. ಆದರೆ ಬಚ್ಚಲು ಸರಿ ಮಾಡಿಸಿ. ಕಮೋಡ್ ನೆಲದಿಂದ 17–18 ಇಂಚು ಎತ್ತರ ಇರಲಿ. ಕಡಿಮೆಯಾದರೆ ಏಳುವಾಗ ಮಂಡಿಗೆ ಭಾರ ಬೀಳುತ್ತದೆ. ಪಕ್ಕದ ಗೋಡೆಗೆ ಬೋಲ್ಟ್ ಹಾಕಿ ಹಿಡಿಕೆ ಕೂರಿಸಿ. ಟೈಲ್ಸಿಗೆ ಅಂಟಿಸುವ ರಬ್ಬರ್ ಹಿಡಿಕೆ ಬೇಡವೇ ಬೇಡ, ಒದ್ದೆಯಾದಾಗ ಕಿತ್ತು ಬರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ನೆಲ ಬೇಗ ಒಣಗುವುದಿಲ್ಲ, ನುಣುಪು ಟೈಲ್ಸ್ ಇದ್ದರೆ ಜಾರದ ಮ್ಯಾಟ್ ಹಾಕಿ.

ಹಾಸಿಗೆ ಹಿಡಿದವರ ಲೆಕ್ಕ ಬೇರೆ. ಹಾಸಿಗೆ ಹುಣ್ಣು ಆಗದಂತೆ ಸುಮಾರು 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಒಬ್ಬರಿಂದ ಹಗಲೂ ರಾತ್ರಿ ಆಗದು. ಎರಡು ಪಾಳಿ ಎಂದರೆ ಎರಡು ಸಂಬಳ. ಇಲ್ಲಿ ಆಶ್ರಮ ಅಗ್ಗ ಬೀಳಬಹುದು. ಆದರೆ ನಡೆದಾಡುವವರನ್ನಷ್ಟೇ ಸೇರಿಸಿಕೊಳ್ಳುವ ಆಶ್ರಮಗಳೂ ಇವೆ, ಮೊದಲೇ ಕೇಳಿ. ಡಯಾಪರ್, ಔಷಧಿ ತಿಂಗಳ ಶುಲ್ಕದಲ್ಲಿವೆಯೇ, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರಿರುತ್ತಾರೆ, ಠೇವಣಿ ಯಾವಾಗ ವಾಪಸ್ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹೇಳದೆ ಸಂಜೆ 7ಕ್ಕೆ ಹೋಗಿ ಊಟದ ತಟ್ಟೆ, ಹಾಸಿಗೆಯ ಚಾದರ ನೋಡಿ ಬನ್ನಿ.

ಎರಡರಲ್ಲಿ ಯಾವುದಾದರೂ ಸರಿ, ಮನೆ-ಹೊಲ ದಾನಪತ್ರ ಮಾಡುವುದಿದ್ದರೆ ‘ಕೊನೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತು ಅದರಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಪತ್ರ ರದ್ದು ಮಾಡಿಸಲು ಆ ಷರತ್ತೇ ಆಧಾರ. ಸಲಹೆಗೆ ಹಿರಿಯರ ಸಹಾಯವಾಣಿ: 14567.