ಸೆಲಡಾನ್ ಕಪ್ಪಿನ ಬಣ್ಣ ಆಮೇಲೆ, ಮೊದಲು ಬುಡ ನೋಡಿ

ಬಿರುಕುಗೆರೆಯ ಸೆಲಡಾನ್, ಅಂದರೆ ಗಾಜಿನಂಥ ತಿಳಿಹಸಿರು ಲೇಪದ, ಚಹಾ ಕಪ್ಪುಗಳು ಮನೆಗೆ ಬಂದು ಮೂರು ಮಳೆಗಾಲ ಮುಗಿದವು. ಇರುವುದು ನಾಲ್ಕು. ಎಲ್ಲವೂ ಚಕ್ರದ ಮೇಲೆ ಕೈಯಲ್ಲಿ ಮಾಡಿದವು, ಹಿಡಿಕೆ ಇಲ್ಲದವು, ಸುಮಾರು 100 ಎಂ.ಎಲ್. ಹಿಡಿಯುವವು. ಎರಡನ್ನು ಒಂದು ಸ್ಟುಡಿಯೋದಿಂದ ತರಿಸಿದ್ದು, ತಲಾ 900 ರೂಪಾಯಿ. ಇನ್ನೆರಡು ಕರಕುಶಲ ಮೇಳದ ಮಳಿಗೆಯಲ್ಲಿ ತಲಾ 450ಕ್ಕೆ ಸಿಕ್ಕಿದ್ದು. ನಾಲ್ಕನ್ನೂ ಸಾಲಾಗಿ ಇಟ್ಟು ಮೇಲಿನಿಂದ ನೋಡಿದರೆ ಯಾವುದು ಯಾವ ಜೋಡಿಯದೆಂದು ಹೇಳಲು ಬರುವುದಿಲ್ಲ. ಅದೇ ಬಾಳೆಸುಳಿಯ ಹಸಿರು, ಅದೇ ಬಲೆಯಂಥ ಗೆರೆ. ಬೋರಲು ಹಾಕಿದರೆ ಮಾತ್ರ ಗೊತ್ತಾಗುತ್ತದೆ: ದುಬಾರಿ ಜೋಡಿಯ ಬುಡದ ಉಂಗುರ ತುಕ್ಕಿನ ಬಣ್ಣದ್ದು, ಗಟ್ಟಿ, ಅಗ್ಗದ್ದರ ಬುಡ ಬಿಳಿಚಿಕೊಂಡು ಸೀಮೆಸುಣ್ಣದ ಹಾಗೆ ಒಣಕಲು. ಕಾರವಾರದ ಮಳೆಗಾಲಕ್ಕೆ ಬೇಕಾಗಿದ್ದು ಈ ವ್ಯತ್ಯಾಸ ಒಂದೇ.

ಮೊದಲು ಸಂತೋಷದ ಸಂಗತಿ. ಹೊಸ ಕಪ್ಪಿಗೆ ಬಿಸಿನೀರು ಹೊಯ್ದು ಕಿವಿಗೊಟ್ಟರೆ ಟಿಣ್, ಟಿಣ್ ಎಂದು ಸಣ್ಣ ಸದ್ದು. ಹೆದರಬೇಡಿ, ಕಪ್ಪು ಒಡೆಯುತ್ತಿಲ್ಲ, ಗ್ಲೇಜ್, ಅಂದರೆ ಮೈಮೇಲಿನ ಆ ಗಾಜಿನಂಥ ಲೇಪ, ಬಿರಿಯುತ್ತಿದೆ. ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿ ಮೈಗೆ ಅಂಟಿದ ಗ್ಲೇಜ್ ತಣಿಯುವಾಗ ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಮೈಗೆ ಸಾಲದ ಅಂಗಿ ಹೊಲಿಗೆ ಬಿಟ್ಟಂತೆ ಅದು ಸೀಳುತ್ತದೆ. ಸೋಡಿಯಂ, ಪೊಟ್ಯಾಶಿಯಂ ಹೆಚ್ಚಿದ್ದಷ್ಟೂ ಕುಗ್ಗುವುದು ಹೆಚ್ಚು; ಸಿಲಿಕಾ ಹೆಚ್ಚಿಸಿದರೆ ಬಿರುಕು ಕಡಿಮೆ. ಮಾಮೂಲಿ ಊಟದ ತಟ್ಟೆಯಲ್ಲಿ ಇದು ದೋಷ, ಸೆಲಡಾನಿನಲ್ಲಿ ಬೇಕೆಂದೇ ಮಾಡುವ ಕೆಲಸ. ಮೊದಲ ಕೆಲವು ವಾರ ದೊಡ್ಡ ಗೆರೆಗಳ ನಡುವೆ ಸಣ್ಣವು ಹುಟ್ಟುತ್ತಲೇ ಇರುತ್ತವೆ.

ಆ ಗೆರೆಗಳಿಗೆ ಚಹಾ ಬಣ್ಣ ಕೊಡುತ್ತದೆ. ಚಹಾದ ಒಗರು ಸೀಳಿನೊಳಗೆ ಇಳಿದು, ಒಣಗಿ, ಕಂದಾಗಿ ಕೂರುತ್ತದೆ. ಅಡಿಕೆ ಬೇಯಿಸಿದ ಚೊಗರು ಬೆರಳಿಗೆ ಹತ್ತಿದರೆ ಏನಾಗುತ್ತದೆ ಎಂದು ಶಿರಸಿ ಕಡೆಯವರಿಗೆ ಹೇಳಬೇಕಿಲ್ಲ. ಇದೂ ಅದೇ ಜಾತಿಯ ಕಲೆ. ಚೀನಾದ 'ಗೆ' ಎಂಬ ಹಳೆಯ ಪಾತ್ರೆಗಳಲ್ಲಿ ದೊಡ್ಡ ಕರಿ ಗೆರೆಗಳ ನಡುವೆ ಸಣ್ಣ ಹೊಂಬಣ್ಣದ ಗೆರೆಗಳಿರುತ್ತವೆ. ಅದಕ್ಕೆ ಅಲ್ಲಿಯವರ ಹೆಸರು 'ಚಿನ್ನದ ದಾರ, ಕಬ್ಬಿಣದ ತಂತಿ'. ನಮ್ಮ ಕಪ್ಪಿನಲ್ಲಿ ಅಷ್ಟು ವೈಭವ ಬರಲಿಲ್ಲ. ದಿನಕ್ಕೊಂದು ಕಪ್ ಹಾಲಿಲ್ಲದ ಚಹಾ ಕುಡಿದರೆ ಎರಡು ತಿಂಗಳಿಗೆ ತಿಳಿಗಂದು, ವರ್ಷಕ್ಕೆ ಜೋನಿಬೆಲ್ಲದ ಬಣ್ಣ.

ಗೆರೆ ಸಮವಾಗಿ ಬರಬೇಕೆಂದರೆ ಕ್ರಮ ಉಂಟು. ಮೊದಲು ಅರ್ಧ ಕಪ್ ಬಿಸಿನೀರು ಹಾಕಿ, ಸುತ್ತ ತಿರುಗಿಸಿ, ಚೆಲ್ಲಬೇಕು. ತಣ್ಣಗಿನ ಕಪ್ಪಿಗೆ ಕುದಿಯುವ ಚಹಾ ನೇರ ಹೊಯ್ದರೆ ಗ್ಲೇಜಿನ ಸೀಳು ಮಣ್ಣಿಗೂ ಇಳಿಯುವ ಅಪಾಯವಿದೆ. 100 ಎಂ.ಎಲ್. ನೀರಿಗೆ 2 ಗ್ರಾಂ ಎಲೆ ಚಹಾ, ಮೂರರಿಂದ ನಾಲ್ಕು ನಿಮಿಷ; ಪುಡಿ ಚಹಾ ಆದರೆ ಎರಡು ನಿಮಿಷ ಸಾಕು. ಅಂಚಿನಿಂದ ಅರ್ಧ ಬೆರಳು ಕೆಳಗಿನವರೆಗೂ ತುಂಬಿಸಿ. ದಿನಾ ಅರ್ಧ ಕಪ್ ಕುಡಿಯುವವರ ಕಪ್ಪಿನಲ್ಲಿ ನಡುಮಟ್ಟಕ್ಕೆ ಭರತದ ಗುರುತಿನಂತೆ ಒಂದು ಪಟ್ಟೆ ಕೂತುಬಿಡುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ಕುಡಿದಾದ ಮೇಲೆ ಬರೀ ಬಿಸಿನೀರಿನಲ್ಲಿ ತೊಳೆಯುವುದು. ಸಾಬೂನೂ ಬಿರುಕಿಗೆ ಇಳಿಯುತ್ತದೆ, ಮರುದಿನದ ಚಹಾದಲ್ಲಿ ಅದರ ಪರಿಮಳ! ಒಣಗಿಸಲು ಬೋರಲು ಹಾಕಬೇಡಿ, ಒಳಗೆ ಹಬೆ ನಿಲ್ಲುತ್ತದೆ. ಬಿದಿರಿನ ಪಟ್ಟಿಯ ಮೇಲೆ ಅಡ್ಡ ಮಲಗಿಸಿದರೆ ಬುಡಕ್ಕೂ ಗಾಳಿ ತಾಗುತ್ತದೆ.

ಚಿರೆಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗೆರೆ ಕಂದಲ್ಲ, ಕರಿ ಆಗುತ್ತದೆ. ಒಗರು ಮತ್ತು ಕಬ್ಬಿಣ ಸೇರಿದರೆ ಶಾಯಿಯೇ. ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಹೀಗೇ. ಕೆಲವರಿಗೆ ಅದೇ ಚಂದ. ಬೇಡ ಎನ್ನುವವರು ಫಿಲ್ಟರ್ ನೀರು ಬಳಸಲಿ.

ಇಷ್ಟು ಹೊಗಳಿಕೆ ಮೇ ತಿಂಗಳವರೆಗಿನದು. ಆರಿದ್ರಾ ಮಳೆ ಹಿಡಿದ ಮೇಲೆ ಅಗ್ಗದ ಜೋಡಿಯ ಬಣ್ಣ ಬಯಲಾಯಿತು. ಕಪ್ ಎತ್ತಿದರೆ ಹಲಸಿನ ಮರದ ಮೇಜಿನ ಮೇಲೆ ಒದ್ದೆ ಉಂಗುರ. ಒರೆಸಿ ಇಟ್ಟರೆ ಹತ್ತು ನಿಮಿಷಕ್ಕೆ ಮತ್ತೆ ಉಂಗುರ. ಜುಲೈ ಹೊತ್ತಿಗೆ ಮೇಜಿನ ಪಾಲಿಶ್ ಬೆಳ್ಳಗಾಯಿತು, ಖಾಲಿ ಕಪ್ ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಹಾಲಿನ ಚಹಾ ಹಾಕಿದ ದಿನಗಳಲ್ಲಂತೂ ಹುಳಿ ನಾತ. ಹಾಲಿನ ಜಿಡ್ಡು ಮಣ್ಣಿನೊಳಗೆ ಹೋಗಿ ಕೂತರೆ ಯಾವ ಬ್ರಷ್ಷೂ ಅಲ್ಲಿಗೆ ತಲುಪುವುದಿಲ್ಲ. ಕೊನೆಗೆ ಬುಡದ ಉಂಗುರದಲ್ಲಿ ಕರಿ ಚುಕ್ಕೆಯ ಬೂಸು. ಅದೇ ಕಪಾಟಿನಲ್ಲಿ, ಅದೇ ಮಳೆಯಲ್ಲಿ, ದುಬಾರಿ ಜೋಡಿಗೆ ಇದ್ಯಾವುದೂ ಆಗಲಿಲ್ಲ.

ಮಳಿಗೆಯವರ ಉತ್ತರ: "ಇದು ಕ್ರ್ಯಾಕಲ್ ಅಲ್ವಾ, ಸ್ವಲ್ಪ ಜಿನುಗುತ್ತೆ, ಬಳಸ್ತಾ ಬಳಸ್ತಾ ಮುಚ್ಚಿಕೊಳ್ಳುತ್ತೆ." ಇದು ಅರ್ಧ ಸತ್ಯ, ಹಾಗಾಗಿ ಸುಳ್ಳಿಗಿಂತ ತೊಂದರೆಯದು. ಬಿರುಕುಬಿಟ್ಟ ಗ್ಲೇಜ್ ನೀರು ತಡೆಯುವುದಿಲ್ಲ ಎಂಬುದು ನಿಜ. ತಡೆಯಬೇಕಾದ್ದು ಒಳಗಿನ ಮಣ್ಣು. ಅದು ಸರಿಯಾಗಿ ಬೆಂದು, ಕಣಕ್ಕೆ ಕಣ ಬೆಸೆದು ಕಲ್ಲಾಗಿದ್ದರೆ ಮೇಲೆ ಎಷ್ಟು ಗೆರೆ ಇದ್ದರೂ ನೀರು ಅಲ್ಲಿಗೇ ನಿಲ್ಲುತ್ತದೆ. ಅರೆಬೆಂದ ಮಣ್ಣಿನ ಮೇಲೆ ಬಿರುಕಿನ ಗ್ಲೇಜ್ ಎಂದರೆ ಮಾಡಿನ ಹೆಂಚಿಗೆ ಹಸಿರು ಬಳಿದು ಚಹಾ ಕುಡಿದ ಹಾಗೆ. ಗ್ಲೇಜಿನ ಕುಶಲತೆಗೆ ದುಡ್ಡು ಕೊಡುತ್ತೇವೆ ಎಂದುಕೊಳ್ಳುತ್ತೇವೆ. ಬಾಳಿಕೆ ಬರುವುದು ಮಣ್ಣು ಬೆಂದದ್ದರಿಂದ.

ತೂಕ ಹಾಕಿದರೆ ಅನುಮಾನ ಉಳಿಯುವುದಿಲ್ಲ. ಚಿನ್ನ ತೂಗುವಂಥ, 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಕಪ್ಪನ್ನು ಪೂರ್ತಿ ಒಣಗಿಸಿ ತೂಗಿ. ತಣ್ಣೀರಿನಲ್ಲಿ ಮುಳುಗಿಸಿ, ಕೆಳಗೊಂದು ಬಟ್ಟೆ ಹಾಸಿ, ನಿಧಾನಕ್ಕೆ ಕಾಯಿಸಿ, ಎರಡು ಗಂಟೆ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡಿ. ಬೆಳಿಗ್ಗೆ ಒರೆಸಿ ಮತ್ತೆ ತೂಗಿ. ದುಬಾರಿ ಕಪ್ಪು 196 ಗ್ರಾಂ ಇದ್ದದ್ದು 197 ಆಯಿತು, ಅಂದರೆ ಶೇ. 0.5. ಅಗ್ಗದ್ದು 182ರಿಂದ 190ಕ್ಕೆ ಏರಿತು, ಶೇ. 4.4. ಶೇ. 1ರ ಒಳಗಿದ್ದರೆ ಕರಾವಳಿಗೆ ನಿಶ್ಚಿಂತೆ. ಶೇ. 3 ದಾಟಿದರೆ ಎಷ್ಟು ಚಂದವಿದ್ದರೂ ಚಹಾಕ್ಕೆ ಬೇಡ.

ಅಂಗಡಿಯಲ್ಲಿ ಕುದಿಸಿ ನೋಡಲು ಯಾರೂ ಬಿಡುವುದಿಲ್ಲ, ಸರಿ. ಅಲ್ಲಿ ಮಾಡಬಹುದಾದ್ದು: ಬೆರಳು ಒದ್ದೆ ಮಾಡಿ ಬುಡದ ಉಂಗುರದ ಮೇಲೆ ಒಂದು ಹನಿ ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಒಳ್ಳೆಯದು. ಕಣ್ಣೆದುರೇ ಇಂಗಿದರೆ ಕಪ್ಪನ್ನು ಕೆಳಗಿಡಿ. ಕೆಲವು ತಯಾರಕರು ಬುಡಕ್ಕೆ ಮೇಣವೋ ಸಿಲಿಕೋನ್ ಲೇಪವೋ ಸವರಿರುತ್ತಾರೆ, ಆಗ ಹನಿ ಮೋಸ ಮಾಡುತ್ತದೆ. ಹಾಗಾಗಿ ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ: ಹಳೇ ಪೇಪರಿನ ಮೇಲೆ ಬಿಸಿನೀರು ತುಂಬಿದ ಕಪ್ಪು, ಪಕ್ಕದಲ್ಲಿ ಬಿಸಿನೀರು ತುಂಬಿದ ಸ್ಟೀಲ್ ಲೋಟ, ಎರಡು ಗಂಟೆ. ಮಳೆಗಾಲದಲ್ಲಿ ಪೇಪರ್ ತಾನಾಗಿಯೇ ತಣಸು ಹಿಡಿಯುವುದರಿಂದ ಲೋಟ ಬೇಕೇ ಬೇಕು. ಲೋಟದ ಕೆಳಗೆ ಒಣ, ಕಪ್ಪಿನ ಕೆಳಗೆ ಒದ್ದೆ ಆದರೆ ವಾಪಸ್ ಕಳಿಸಲು ಅದಕ್ಕಿಂತ ಸಾಕ್ಷಿ ಬೇಡ. ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳಿ.

ಉಗುರಿನಿಂದ ಬಡಿದು ನಾದ ಕೇಳುವ ಪದ್ಧತಿ ಇಲ್ಲಿ ಪೂರ್ತಿ ನಂಬುವಂಥದ್ದಲ್ಲ. ಬಿರುಕಿನ ಗ್ಲೇಜ್ ಇರುವ ಕಪ್ಪಿನ ದನಿ ಮೊದಲೇ ಸ್ವಲ್ಪ ಮಂಕು. ಆದರೆ ಒಡೆದ ಮಡಕೆಯ ಹಾಗೆ ಸತ್ತ ಸದ್ದು ಬಂದರೆ ಮೈಯೇ ಸೀಳಿದೆ ಎಂದರ್ಥ. ಅಂಚಿನಲ್ಲಿ ಒಂದು ಗೆರೆ ಒಳಗೂ ಹೊರಗೂ ಒಂದೇ ಜಾಗದಲ್ಲಿ ಇಳಿದಿದೆಯೇ ನೋಡಿ. ಗ್ಲೇಜಿನ ಗೆರೆಗಳು ಒಳಗಿನವೇ ಬೇರೆ, ಹೊರಗಿನವೇ ಬೇರೆ.

ಇನ್ನೊಂದು ಮೋಸ, ಅಚ್ಚು ಹೊಡೆದ ಬಿರುಕು. ಎರಡು ಕಪ್ಪುಗಳನ್ನು ಜೊತೆಗಿಟ್ಟು ತಿರುಗಿಸಿ. ಒಂದೇ ವಿನ್ಯಾಸ ಎರಡರಲ್ಲೂ ಸಿಕ್ಕಿದರೆ ಅದು ಸ್ಟಿಕ್ಕರ್ ಗೆರೆ. ಹೊಸ ಕಪ್ಪಿನಲ್ಲೇ ಗೆರೆ ದಟ್ಟ ಕರಿ ಇದ್ದರೆ ಶಾಯಿ ತಿಕ್ಕಿದ್ದು. ಅದೂ ಹಳೆಯ ಪದ್ಧತಿಯೇ, ತಪ್ಪೇನಲ್ಲ, ಆದರೆ ನಿಮ್ಮ ಚಹಾ ಬರೆಯಲು ಜಾಗ ಉಳಿದಿರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಿಳಿ ಹತ್ತಿಯಿಂದ ಒರೆಸಿ, ಬಣ್ಣ ಬಿಟ್ಟರೆ ಕೊಳ್ಳಬೇಡಿ.

ಬಣ್ಣದ ಬಗ್ಗೆ ಎರಡೇ ಮಾತು. ನಿಜವಾದ ಸೆಲಡಾನ್ ಹಸಿರು ಬರುವುದು ಗ್ಲೇಜಿನಲ್ಲಿರುವ ಶೇ. 1ರಿಂದ 3ರಷ್ಟು ಕಬ್ಬಿಣದಿಂದ, ಆವಿಗೆಯಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟಾಗ. ಗಾಳಿ ಹೆಚ್ಚಾದರೆ ಅದೇ ಗ್ಲೇಜ್ ಹಳದಿಗೆ ತಿರುಗುತ್ತದೆ. ಹಾಗಾಗಿ ನಿಜದ್ದರಲ್ಲಿ ಹಸಿರು ಒಂದೇ ಸಮ ಇರುವುದಿಲ್ಲ: ಅಂಚಿನಲ್ಲಿ ತೆಳುವಾಗಿ ಕಂದು ಇಣುಕುತ್ತದೆ, ತಳದಲ್ಲಿ ಗ್ಲೇಜ್ ಮಡುಗಟ್ಟಿ ದಟ್ಟವಾಗಿರುತ್ತದೆ. ಪೇಂಟ್ ಡಬ್ಬಿಯಿಂದ ಬಂದಂತೆ ಎಲ್ಲೆಡೆ ಒಂದೇ ಹಸಿರಾದರೆ ಅದು ಬೆರೆಸಿದ ಬಣ್ಣ. ಗಿಳಿಹಸಿರು, ಹೊಳಪು ಜಾಸ್ತಿ, ಕಡಿಮೆ ಕಾವಿನಲ್ಲಿ ಸುಟ್ಟದ್ದು ಎಂದರೆ ತಾಮ್ರದ ಗ್ಲೇಜ್ ಇರಬಹುದು, ಸೀಸವೂ ಇರಬಹುದು. ಹೆಚ್ಚಿನ ಕಾವಿನ ಸೆಲಡಾನಿಗೆ ಸೀಸ ಬೇಕಾಗುವುದೇ ಇಲ್ಲ. ಎಷ್ಟು ಡಿಗ್ರಿಗೆ ಸುಟ್ಟಿದ್ದೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಲಿಂಬು ಚಹಾ, ಮುರುಗಲು ಪಾನಕ ಅದರಲ್ಲಿ ಬೇಡವೇ ಬೇಡ. ವಿನೆಗರ್ ಒಂದು ರಾತ್ರಿ ಇಟ್ಟು ನೋಡಬಹುದು. ಹೊಳಪು ಮಂಕಾದರೆ ಅಡುಗೆಮನೆಗೆ ಅಲ್ಲ. ಆಗದಿದ್ದರೂ ಸೀಸವಿಲ್ಲ ಎಂಬುದಕ್ಕೆ ಅದು ಪುರಾವೆಯಲ್ಲ.

ಜಿನುಗುವ ಕಪ್ಪನ್ನು ಉಳಿಸಿಕೊಳ್ಳಲು ಮಾಡಿದ ಉಪಾಯಗಳ ಫಲ ಹೀಗಿದೆ. ಜಪಾನಿನಲ್ಲಿ ಇಂಥ ಪಾತ್ರೆಯನ್ನು ಅಕ್ಕಿ ತೊಳೆದ ನೀರಿನಲ್ಲಿ ಕುದಿಸಿ, ಗಂಜಿಯ ಅಂಶದಿಂದ ರಂಧ್ರ ಮುಚ್ಚುವ ರೂಢಿ ಇದೆ. ಅಕ್ಕಚ್ಚಿಗೆ ನಮ್ಮಲ್ಲಿ ಬರವೇ? ಇಪ್ಪತ್ತು ನಿಮಿಷ ಕುದಿಸಿ ಅದರಲ್ಲೇ ತಣಿಸಿದರೆ ಹದಿನೈದು ದಿನ ಉಂಗುರ ಬೀಳಲಿಲ್ಲ. ಆಮೇಲೆ ಆ ಗಂಜಿಯೇ ಬೂಸಿಗೆ ಊಟವಾಯಿತು. ಒಣ ಹವೆಯ ಊರಿನಲ್ಲಿ ನಡೆಯಬಹುದಾದ ಉಪಾಯ, ನಮ್ಮ ಶ್ರಾವಣಕ್ಕೆ ಹೇಳಿದ್ದಲ್ಲ.

ವಾಸನೆ ತೆಗೆಯಲು ಕೆಲಸಕ್ಕೆ ಬಂದದ್ದು ಸೋಡಿಯಂ ಪರ್ಕಾರ್ಬೊನೇಟ್, ಅಂದರೆ ಬಟ್ಟೆಯ ಕಲೆ ತೆಗೆಯುವ ಕ್ಲೋರಿನ್ ಇಲ್ಲದ ಪುಡಿ. ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ, ನಾಲ್ಕು ತಾಸು ನೆನೆಸಿ, ಆಮೇಲೆ ಎರಡು ಸಲ ಬರೀ ನೀರಿನಲ್ಲಿ ತಲಾ ಒಂದು ರಾತ್ರಿ. ವಾಸನೆ ಹೋಯಿತು, ಬೂಸು ಹೋಯಿತು, ಜೊತೆಗೆ ವರ್ಷವಿಡೀ ಕೂಡಿಟ್ಟ ಚಹಾದ ಗೆರೆಗಳೂ ಹೋದವು. ಕಪ್ಪು ಮಳಿಗೆಯಿಂದ ಬಂದ ದಿನದ ಹಾಗೆ ಬೆಳ್ಳಗೆ ನಿಂತಿತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಹೇಳುತ್ತಿದ್ದೇನೆ. ಕ್ಲೋರಿನ್ ಬ್ಲೀಚ್ ಮಾತ್ರ ಮುಟ್ಟಬೇಡಿ. ಅದರ ಲವಣ ಮಣ್ಣಿನಲ್ಲಿ ಉಳಿದು, ಒಣಗುವಾಗ ಹರಳುಗಟ್ಟಿ ಗ್ಲೇಜನ್ನು ಹಕ್ಕಳೆ ಎಬ್ಬಿಸುತ್ತದೆ. ಮೈಕ್ರೊವೇವೂ ಬೇಡ: ಒಳಗೆ ನೀರು ಕುಡಿದ ಮಣ್ಣು ಚಹಾಕ್ಕಿಂತ ಮೊದಲು ಕಾಯುತ್ತದೆ.

ದುಬಾರಿ ಜೋಡಿಯ ಮೇಲೆ ದೂರು ಇಲ್ಲವೆಂದಲ್ಲ. ಹಿಡಿಕೆ ಇಲ್ಲದ್ದರಿಂದ ತುಂಬಿದ ಕಪ್ಪನ್ನು ಮೊದಲ ಐದು ನಿಮಿಷ ಅಂಚಿನಲ್ಲೇ ಹಿಡಿಯಬೇಕು, ಬಶಿ ಕೊಟ್ಟಿಲ್ಲ. ಬುಡದ ಒರಟು ಮೇಜಿಗೆ ಗೀರು ಹಾಕುತ್ತಿತ್ತು, ಹಾರ್ಡ್‌ವೇರ್ ಅಂಗಡಿಯ 400 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ಎರಡು ನಿಮಿಷ ಉಜ್ಜಿದ ಮೇಲೆ ನಿಂತಿತು. ಹಾಲು ಹಾಕಿದ ಕಷಾಯಕ್ಕೆ ಇವನ್ನೂ ಬಳಸಬಾರದು. ಜಿನುಗದಿದ್ದರೂ ಗೆರೆಯೊಳಗೆ ಹಾಲು ನಿಲ್ಲುತ್ತದೆ, ಕಷಾಯದ ಅರಿಶಿನ ಗೆರೆಗಳನ್ನು ಹಳದಿ ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಹಾಲಿನ ಚಹಾವೇ ಆಗಬೇಕು ಎನ್ನುವ ಮನೆಗೆ ಬಿರುಕಿಲ್ಲದ ಸೆಲಡಾನ್ ಕಪ್ಪೇ ಸರಿ, ಬಣ್ಣ ಅದೇ.

ಎಲ್ಲಿ ಕೊಳ್ಳುವುದು? ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರುಮಾಡಿದ ಮೇಲೆ ಆ ಸುತ್ತಿನಲ್ಲಿ ಹೆಚ್ಚಿನ ಕಾವಿನ ಸ್ಟೋನ್‌ವೇರ್, ಅಂದರೆ ಕಲ್ಲಿನಂತೆ ಗಟ್ಟಿಯಾಗಿ ಬೆಂದ ಮಣ್ಣಿನ ಪಾತ್ರೆ, ಮಾಡುವವರು ಬೆಳೆದರು. ಅಂಥ ಕಡೆ ಮಣ್ಣಿನ ಬಗ್ಗೆ ಕೇಳಿದರೆ ಉತ್ತರ ಸಿಗುತ್ತದೆ. ಚೀನಾದ ಲಾಂಗ್‌ಚ್ವಾನ್ ಮಾಲು ಎಂದು ಹೇಳಿ ಮಾರುವವರು ಬಹಳ. ಅಲ್ಲಿನ ಸೆಲಡಾನ್ ಸುಡುವ ವಿದ್ಯೆ 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು ನಿಜ, ಆದರೆ ಪಟ್ಟಿ ಸೇರಿದ್ದು ವಿದ್ಯೆ, ನಿಮ್ಮ ಕೈಲಿರುವ ಕಪ್ಪಲ್ಲ. ತರಿಸುವಾಗ ಒಂದರೊಳಗೊಂದು ಇಟ್ಟು ಕಟ್ಟಬೇಡಿ ಎಂದು ಬರೆದು ತಿಳಿಸಿ. ಬಿರುಕಿನ ಗ್ಲೇಜ್ ಇರುವ ಕಪ್ಪಿಗೆ ಪೆಟ್ಟು ತಾಳುವ ಶಕ್ತಿ ಕಡಿಮೆ, ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿದು ಬರುವ ಪೆಟ್ಟಿಗೆಗೆ ತಿರುವು ಒಂದೆರಡಲ್ಲ.

ಅಗ್ಗದ ಜೋಡಿಯನ್ನು ಎಸೆಯಲು ಮನಸ್ಸಾಗಲಿಲ್ಲ. ಸಾಣಿಕಟ್ಟೆ ಉಪ್ಪು ಹಾಕಿಡುವ ಯೋಚನೆ ಬರುವುದು ಸಹಜ, ಮಾಡಬೇಡಿ, ಉಪ್ಪು ತೇವ ಎಳೆದುಕೊಂಡು ಮಣ್ಣಿಗಿಳಿದು ಬ್ಲೀಚಿನದೇ ಕೆಲಸ ಮಾಡುತ್ತದೆ. ಈಗ ಒಂದರಲ್ಲಿ ಏಲಕ್ಕಿ, ಇನ್ನೊಂದರಲ್ಲಿ ಲವಂಗ. ಆಷಾಢದಲ್ಲಿ ಲವಂಗ ಮೆತ್ತಗಾಗುತ್ತದೆ. ಅದಕ್ಕೆ ಮುಚ್ಚಳವಿಲ್ಲದ್ದು ಕಾರಣ, ಕಪ್ಪಿನ ತಪ್ಪಲ್ಲ.