ಬೈಕಿಗೆ ಮೊಬೈಲ್ ಚಾರ್ಜರ್: ಕರೆಂಟ್ ಎಲ್ಲಿಂದ ತೆಗೆದರೆ ಒಳ್ಳೆಯದು?

250 ರೂಪಾಯಿಯ ಸಾಕೆಟ್ ಇರಲಿ, 900 ರೂಪಾಯಿಯದ್ದಿರಲಿ, ಒಳಗೆ ನಡೆಯುವ ಕೆಲಸ ಒಂದೇ: ಗಾಡಿಯ 12 ವೋಲ್ಟನ್ನು ಮೊಬೈಲಿಗೆ ಬೇಕಾದ 5 ವೋಲ್ಟಿಗೆ ಇಳಿಸುವುದು. ಆದರೂ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಸಾಕೆಟ್ ಯಾವ ಕಂಪನಿಯದು ಅಂತ. ಕರೆಂಟ್ ಎಲ್ಲಿಂದ ತೆಗೆಯುತ್ತೀರಿ, ಗಂಟು ಹೇಗೆ ಹಾಕುತ್ತೀರಿ ಅಂತ ಕೇಳುವವರು ಕಡಿಮೆ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು, ರಾಯಚೂರಿನ ಬಿಸಿಲು, ಗಂಗಾವತಿ–ಸಿಂಧನೂರಿನ ಗದ್ದೆ ಕೆಸರು ಇವೆಲ್ಲದರ ನಡುವೆ ಓಡುವ ಗಾಡಿಯಲ್ಲಿ ಚಾರ್ಜರ್ ಕೈಕೊಡುವುದು ಹೆಚ್ಚಾಗಿ ಈ ಎರಡು ಜಾಗದಲ್ಲೇ. 100–125 ಸಿಸಿ ಗಾಡಿಗಳಲ್ಲಿ ಕಟ್ಟಿ ನೋಡಿದ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟಿದ್ದೇವೆ.

ಮೊದಲು ಲೋಡಿನ ಲೆಕ್ಕ. 5 ವೋಲ್ಟ್, 2 ಆಂಪಿಯರ್ ಕೊಡುವ ಚಾರ್ಜರ್ ಅಂದರೆ 10 ವ್ಯಾಟ್. ಇಳಿಸುವಾಗ ಆಗುವ ನಷ್ಟ ಸೇರಿಸಿದರೂ ಬ್ಯಾಟರಿ ಕಡೆಯಿಂದ ಎಳೆಯುವುದು ಹೆಚ್ಚುಕಡಿಮೆ 1 ಆಂಪಿಯರ್. 35 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಒಂದೇ ಸುಮಾರು 3 ಆಂಪಿಯರ್ ತಿನ್ನುತ್ತದೆ. ಹಾಗಾಗಿ ಇದಕ್ಕೆ ದಪ್ಪ ವೈರ್ ಬೇಡ. ಕರೆಂಟಿನ ಮಟ್ಟಿಗೆ 0.5 ಚದರ ಮಿ.ಮೀ. ಸಾಕು, ಆದರೆ ಹ್ಯಾಂಡಲ್ ತಿರುಗಿ ತಿರುಗಿ ಅದು ಬೇಗ ತುಂಡಾಗುತ್ತದೆ. 0.75ರ ಎಳೆಎಳೆಯ ಫ್ಲೆಕ್ಸಿಬಲ್ ವೈರನ್ನೇ ಹಾಕಿ. ಒಂಟಿ ತಂತಿಯ ಮನೆ ವೈರ್ ಯಾವ ಕಾರಣಕ್ಕೂ ಬೇಡ.

ಮೊದಲ ದಾರಿ: ಬ್ಯಾಟರಿಯಿಂದ ನೇರ

ಹದಿನೈದು ನಿಮಿಷದ ಕೆಲಸ. ಗಾಡಿಯ ಮೂಲ ವೈರಿಂಗ್ ಮುಟ್ಟಬೇಕಿಲ್ಲ. ಸ್ಪ್ಯಾನರ್ ಹಿಡಿದಾಗ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಮೈನಸ್ ಇದ್ದಂತೆಯೇ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಬ್ಯಾಟರಿ ನೇರ ಶಾರ್ಟ್. ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಇರಲೇಬೇಕು, ಒಳಗೆ ನೇರಳೆ ಬಣ್ಣದ 3 ಆಂಪಿಯರ್ ಬ್ಲೇಡ್ ಫ್ಯೂಸ್. ಎಷ್ಟೋ ಜನ ಫ್ಯೂಸನ್ನು ಸಾಕೆಟ್ ಹತ್ತಿರ ಹಾಕಿಸುತ್ತಾರೆ. ವೈರ್ ಉಜ್ಜುವುದು ಟ್ಯಾಂಕಿನ ಕೆಳಗೆ. ಅಲ್ಲಿ ಚಾಸಿಗೆ ತಾಗಿದಾಗ ಅಷ್ಟು ದೂರದ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ, ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ವೈರ್ ಕಾದು ಕರಗುತ್ತದೆ.

ಈ ದಾರಿಯ ದೊಡ್ಡ ಕೊರತೆ ಏನೆಂದರೆ, ಕೀ ತೆಗೆದರೂ ಚಾರ್ಜರ್ ಎಳೆಯುತ್ತಲೇ ಇರುತ್ತದೆ. ನೀಲಿ ಲೈಟು, ವೋಲ್ಟ್ ಮೀಟರ್ ಇರುವ ಸಾಕೆಟ್ ಮೊಬೈಲ್ ಇಲ್ಲದಾಗಲೂ 15 ಮಿಲಿ ಆಂಪಿಯರ್ ತಿಂದರೆ, 3 ಆಂಪಿಯರ್-ಅವರ್ ಬ್ಯಾಟರಿ 200 ಗಂಟೆಯಲ್ಲಿ, ಅಂದರೆ ಎಂಟು ದಿನ ಚಿಲ್ಲರೆಯಲ್ಲಿ ಪೂರ್ತಿ ಖಾಲಿ. ಸೆಲ್ಫ್ ಹೊಡೆಯುವುದು ಅದಕ್ಕೂ ಬಹಳ ಮೊದಲೇ ನಿಲ್ಲುತ್ತದೆ. ಬಳ್ಳಾರಿ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ವಾರ ಬಿಟ್ಟು ಬರುವವರು ಇದನ್ನು ಲೆಕ್ಕಕ್ಕಿಡಬೇಕು. ನಡುವೆ ಸ್ವಿಚ್ ಹಾಕಬಹುದು. ಆದರೆ ಆ ಸ್ವಿಚ್ ಆರಿಸುವುದು ಮರೆತ ದಿನ ಕಥೆ ಅದೇ.

ಎರಡನೇ ದಾರಿ: ಮುಂದಿನ ಬ್ರೇಕ್ ಸ್ವಿಚ್

ಒಂದೇ ಚಾರ್ಜರ್ ಹಾಕುವ ಕಾರ್ಬೊರೇಟರ್ ಗಾಡಿಗೆ ನಮ್ಮ ಮತ ಇದಕ್ಕೇ. ಬ್ರೇಕ್ ಹಿಡಿಯ ಬುಡದಲ್ಲಿ ಪುಟ್ಟ ಕಪ್ಪು ಸ್ವಿಚ್ ಇರುತ್ತದೆ. ಅದರ ಎರಡು ಚಪ್ಪಟೆ ಕಾಲುಗಳಿಗೆ ಎರಡು ವೈರ್. ಒಂದರಲ್ಲಿ ಕೀ ಆನ್ ಆದಾಗೆಲ್ಲ 12 ವೋಲ್ಟ್ ಇರುತ್ತದೆ, ಇನ್ನೊಂದರಲ್ಲಿ ಬ್ರೇಕ್ ಹಿಡಿದಾಗ ಮಾತ್ರ. ನಮಗೆ ಬೇಕಾದ್ದು ಮೊದಲನೆಯದು. ಹೀರೊ, ಹೋಂಡಾ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು ಕಪ್ಪು ವೈರ್, ಅರ್ಥ್ ಹಸಿರು. ಬಣ್ಣ ನಂಬಿ ಕೈ ಹಾಕಬೇಡಿ, ಮಲ್ಟಿಮೀಟರ್ ಇಟ್ಟು ನೋಡಿ. 20 ವೋಲ್ಟ್ ಡಿಸಿ ರೇಂಜ್, ಕಪ್ಪು ಕಡ್ಡಿ ಎಂಜಿನ್ನಿನ ಬೋಲ್ಟಿಗೆ, ಕೆಂಪು ಕಡ್ಡಿ ಒಂದೊಂದೇ ಕಾಲಿಗೆ. ತಪ್ಪು ಕಾಲಿಗೆ ಜೋಡಿಸಿದರೆ ಬ್ರೇಕ್ ಹಿಡಿದಷ್ಟು ಹೊತ್ತು ಮಾತ್ರ ಮೊಬೈಲ್ ಚಾರ್ಜ್ ಆಗುತ್ತದೆ.

ಇಲ್ಲಿ ವೈರ್ ಕತ್ತರಿಸುವ ಅಗತ್ಯವೇ ಇಲ್ಲ. ಒಂದು ಬದಿ ಹೆಣ್ಣು, ಬೆನ್ನ ಮೇಲೆ ಇನ್ನೊಂದು ಗಂಡು ಕಾಲಿರುವ ಜೋಡಿ ತಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಕ್ಲಿಪ್) ಸಿಗುತ್ತದೆ. ಅದನ್ನು ಚಾರ್ಜರ್ ವೈರಿನ ತುದಿಗೆ ಹಾಕಿ ಸ್ವಿಚ್ಚಿಗೆ ಚುಚ್ಚಿ, ಗಾಡಿಯ ಮೂಲ ವೈರನ್ನು ಅದರ ಬೆನ್ನಿಗೆ ಚುಚ್ಚಿದರೆ ಮುಗಿಯಿತು. ಈ ತಿಂಬಲ್‌ಗಳು 2.8, 4.8, 6.3 ಮಿ.ಮೀ. ಅಳತೆಯಲ್ಲಿ ಬರುತ್ತವೆ. ಕಾಲಿನ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಿ. ಒಂದಳತೆ ದೊಡ್ಡದು ತಂದು ಪ್ಲಾಸಿನಿಂದ ಒತ್ತಿ ಕೂರಿಸಿದರೆ ನಾಲ್ಕು ದಿನ ನಿಲ್ಲುತ್ತದೆ, ಆಮೇಲೆ ಕುಲುಕಿ ಕುಲುಕಿ ಸಡಿಲವಾಗುತ್ತದೆ. ಆಗ ಕೆಡುವುದು ಚಾರ್ಜರ್ ಮಾತ್ರವಲ್ಲ, ಮುಂದಿನ ಬ್ರೇಕ್ ಹಿಡಿದಾಗ ಹಿಂದಿನ ಲೈಟೂ ಹತ್ತುವುದಿಲ್ಲ. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿ ಬೆನ್ನಿಗಿರುವಾಗ ಆ ಲೈಟು ಪ್ರಾಣದ ಪ್ರಶ್ನೆ. ಕೆಲಸ ಮುಗಿದ ಮೇಲೆ ಮುಂದಿನ ಬ್ರೇಕ್, ಹಿಂದಿನ ಬ್ರೇಕ್ ಎರಡನ್ನೂ ಹಿಡಿದು ಲೈಟ್ ನೋಡಿಯೇ ಗಾಡಿ ಹತ್ತಿ.

ಇಲ್ಲೂ ಕರೆಂಟ್ ತೆಗೆದ ಕೂಡಲೇ ಸ್ವಂತದ್ದೊಂದು 3 ಆಂಪಿಯರ್ ಫ್ಯೂಸ್ ಬೇಕು. ಅದಿಲ್ಲದಿದ್ದರೆ ಸಾಕೆಟ್‌ನೊಳಗೆ ನೀರು ಹೋಗಿ ಶಾರ್ಟ್ ಆದಾಗ ಹಾರುವುದು ಗಾಡಿಯ ಮೇನ್ ಫ್ಯೂಸ್. ಹಾರ್ನ್, ಇಂಡಿಕೇಟರ್ ಎಲ್ಲ ಸತ್ತು, ಬ್ಯಾಟರಿ ಮೇಲೆ ಇಗ್ನಿಷನ್ ನಡೆಯುವ ಗಾಡಿಯಾದರೆ ನಿಂತಲ್ಲೇ ನಿಲ್ಲುತ್ತದೆ.

ಈ ದಾರಿಗೆ ಬದಲು ಹೆಡ್‌ಲೈಟ್ ವೈರಿನಿಂದ ಕರೆಂಟ್ ಎಳೆಯಲು ಹೋಗಬೇಡಿ. ಹಳೆಯ 100 ಸಿಸಿ ಗಾಡಿಗಳಲ್ಲಿ ಹೆಡ್‌ಲೈಟಿಗೆ ಬರುವುದು ಮ್ಯಾಗ್ನೆಟ್‌ನ ಎಸಿ ಕರೆಂಟ್ (ಬ್ಯಾಟರಿಯದು ಡಿಸಿ), ಅದಕ್ಕೆ ಹಾಕಿದ ಚಾರ್ಜರ್ ಬೇಗ ಸುಡುತ್ತದೆ.

ಮೂರನೇ ದಾರಿ: ರಿಲೇ

ಚಾರ್ಜರ್ ಜೊತೆಗೆ ಫಾಗ್ ಲೈಟು, ದೊಡ್ಡ ಹಾರ್ನ್ ಹಾಕುವುದಿದ್ದರೆ, ಅಥವಾ ಏಪ್ರಿಲ್ 2020ರಿಂದ ಬಂದ ಬಿಎಸ್6 ಇಂಜೆಕ್ಷನ್ ಗಾಡಿಯಾದರೆ ರಿಲೇಯೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಸರಿ. ಇಂಜೆಕ್ಷನ್ ಗಾಡಿಯಲ್ಲಿ ಕೀ ಲೈನಿನ ಮೇಲೆಯೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೆಟ್ರೋಲ್ ಪಂಪ್ ಕೂತಿರುತ್ತವೆ. ಆ ಲೈನಿನಲ್ಲಿ ಸಡಿಲ ಗಂಟು ಸೇರಿಸಿ ಗಾಡಿ ಮಿಸ್ ಹೊಡೆಯುವಂತೆ ಮಾಡಿಕೊಳ್ಳುವುದಕ್ಕಿಂತ ಸುಮಾರು 100 ರೂಪಾಯಿಯ ರಿಲೇ ಮೇಲು.

12 ವೋಲ್ಟ್, 30 ಆಂಪಿಯರ್, ನಾಲ್ಕು ಕಾಲಿನ ರಿಲೇ ತನ್ನಿ. 30 ಅಂತ ಬರೆದಿರುವ ಕಾಲಿಗೆ ಬ್ಯಾಟರಿ ಪ್ಲಸ್, ಫ್ಯೂಸ್ ಮೂಲಕ. 87ರಿಂದ ಸಾಕೆಟ್. 85 ಅರ್ಥಿಗೆ. 86ಕ್ಕೆ ಹಿಂದಿನ ಟೇಲ್ ಲೈಟಿನ ವೈರಿನಿಂದ ಸಿಗ್ನಲ್. ರಿಲೇಯೊಳಗಿನ ಕಾಯಿಲ್ ತಿನ್ನುವುದು ಸುಮಾರು 150 ಮಿಲಿ ಆಂಪಿಯರ್ ಅಷ್ಟೇ, ಟೇಲ್ ಲೈಟಿಗೆ ಅದು ಭಾರವಲ್ಲ. ಏಪ್ರಿಲ್ 2017ರಿಂದ ಹೊಸ ಗಾಡಿಗಳ ಹೆಡ್‌ಲೈಟ್ ಸದಾ ಉರಿಯುವಂತೆ ನಿಯಮ ಬಂದಿದೆ, ಹಲವು ಗಾಡಿಗಳಲ್ಲಿ ಈ ಲೈಟುಗಳು ಎಂಜಿನ್ ಚಾಲೂ ಆದ ಮೇಲಷ್ಟೇ ಹತ್ತುತ್ತವೆ. ಅಂಥ ಗಾಡಿಯಲ್ಲಿ ಕೀ ಆನ್ ಇಟ್ಟು ಚಹಾ ಕುಡಿಯುತ್ತ ನಿಂತರೂ ಚಾರ್ಜರ್ ಬ್ಯಾಟರಿ ಮುಟ್ಟುವುದಿಲ್ಲ. ಮೂರು ದಾರಿಗಳಲ್ಲಿ ಈ ಅನುಕೂಲ ಇದಕ್ಕೊಂದಕ್ಕೇ ಇದೆ.

ಇದರಲ್ಲಿ ಕೆಡುವುದು ಹೀಗೆ. ಅಂಗಡಿಯವರು ಐದು ಕಾಲಿನದ್ದು ಕೊಟ್ಟರೆ ನಡುವಿನ 87ಎ ಖಾಲಿ ಬಿಡಿ. ಅದಕ್ಕೆ ಜೋಡಿಸಿದರೆ ಗಾಡಿ ನಿಂತಾಗ ಚಾರ್ಜರ್ ಆನ್, ಓಡುವಾಗ ಆಫ್. ಹಳೆಯ ಗಾಡಿಯಲ್ಲಿ ಟೇಲ್ ಲೈಟೂ ಎಸಿ ಆಗಿದ್ದರೆ ರಿಲೇ ಕಟಕಟ ಅನ್ನುತ್ತದೆ, ಅಲ್ಲಿ ಸಿಗ್ನಲ್ಲನ್ನು ಬ್ರೇಕ್ ಸ್ವಿಚ್ಚಿನ ಕೀ ಲೈನಿನಿಂದಲೇ ತೆಗೆದುಕೊಳ್ಳಿ. ಟೇಲ್ ಲೈಟ್ ಎಲ್‌ಇಡಿ ಇದ್ದರೆ 85 ಮತ್ತು 86ರ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಬಿಳಿ ಪಟ್ಟಿ 86ರ ಕಡೆಗೆ. ಕಾಯಿಲ್ ಬಿಟ್ಟಾಗ ಏಳುವ ಹೆಚ್ಚಿನ ವೋಲ್ಟೇಜ್ ಎಲ್‌ಇಡಿಗೆ ಹೊಡೆಯುವುದಿಲ್ಲ. ಡಯೋಡ್ ಉಲ್ಟಾ ಆದರೆ ಅದೇ ಶಾರ್ಟ್, ಕಣ್ಣಿಟ್ಟು ಹಾಕಿ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

12ನ್ನು 5 ಮಾಡುವುದು ಯಾವುದರಿಂದ?

7805 ಐಸಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಎಷ್ಟೋ ವೀಡಿಯೊಗಳು ಅದನ್ನೇ ತೋರಿಸುತ್ತವೆ. ನಮ್ಮ ಕಡೆಗೆ ಅದು ಬೇಡವೇ ಬೇಡ. ಗಾಡಿ ಓಡುವಾಗ ವೋಲ್ಟೇಜ್ 14ರ ಆಸುಪಾಸು ಇರುತ್ತದೆ. ಮಿಕ್ಕ 9 ವೋಲ್ಟನ್ನು ಈ ಐಸಿ ಬರೀ ಶಾಖ ಮಾಡಿ ಸುಡುತ್ತದೆ, 1 ಆಂಪಿಯರಿಗೆ 9 ವ್ಯಾಟ್ ಬಿಸಿ. ಮೊಬೈಲಿಗೆ ಹೋಗುವುದು 5 ವ್ಯಾಟ್. ಏಪ್ರಿಲ್ ಮಧ್ಯಾಹ್ನ 42 ಡಿಗ್ರಿಯಲ್ಲಿ, ಹೆಡ್‌ಲೈಟಿನ ಡೂಮಿನೊಳಗೆ, ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತಗಡು) ಇಲ್ಲದ 7805 ಕೆಲವೇ ಕ್ಷಣಗಳಲ್ಲಿ ತಾನೇ ಬಂದ್ ಆಗುತ್ತದೆ, ತಣ್ಣಗಾದ ಮೇಲೆ ಮತ್ತೆ ಶುರು. ಮೊಬೈಲ್ ಟಿಂಗ್ ಟಿಂಗ್ ಎನ್ನುತ್ತಲೇ ಇರುತ್ತದೆ.

ಎಲ್‌ಎಂ2596 ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್) ಇದಕ್ಕಿಂತ ಎಷ್ಟೋ ಮೇಲು. 40 ವೋಲ್ಟ್‌ವರೆಗೆ ತಡೆಯುತ್ತದೆ, 3 ಆಂಪಿಯರ್ ಅಂತ ಬರೆದಿದ್ದರೂ ಹೀಟ್ ಸಿಂಕ್ ಇಲ್ಲದೆ 2ಕ್ಕೇ ನಿಲ್ಲಿಸಿ. ಆದರೆ ನೀಲಿ ಪೆಟ್ಟಿಗೆಯಂಥ ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವ ಮಾಡ್ಯೂಲ್ ಬೈಕಿಗೆ ತರಬೇಡಿ. ಕುಲುಕಾಟಕ್ಕೆ ಆ ಸ್ಕ್ರೂವಿನ ಒಳಸಂಪರ್ಕ ಒಮ್ಮೆ ಬಿಟ್ಟರೆ, ಐಸಿಗೆ ಔಟ್‌ಪುಟ್ ಎಷ್ಟಿದೆ ಅಂತ ಗೊತ್ತಾಗದೆ ಬ್ಯಾಟರಿಯ ವೋಲ್ಟೇಜನ್ನೇ ಮೊಬೈಲಿಗೆ ತಳ್ಳುತ್ತದೆ. ಫಿಕ್ಸ್ 5 ವೋಲ್ಟಿನದ್ದನ್ನೇ ಕೇಳಿ. ಸ್ವಂತ ಯುಎಸ್‌ಬಿ ಸಾಕೆಟ್ ಬೆಸುಗೆ ಹಾಕುವುದಾದರೆ ನಡುವಿನ ಎರಡು ಕಾಲುಗಳನ್ನು ಒಂದಕ್ಕೊಂದು ಜೋಡಿಸಿ, ಇಲ್ಲದಿದ್ದರೆ ಬಹಳ ಮೊಬೈಲ್‌ಗಳು ಇದು ಕಂಪ್ಯೂಟರ್ ಅಂದುಕೊಂಡು ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವುದಿಲ್ಲ. "ಚಾರ್ಜ್ ಆಗ್ತದ, ಆದ್ರ ಏರೋದಿಲ್ಲ" ಅನ್ನುವ ದೂರಿಗೆ ಸಾಮಾನ್ಯ ಕಾರಣ ಇದು.

ಬೆಸುಗೆಯ ಅಭ್ಯಾಸ ಇಲ್ಲದವರಿಗೆ ಅಂಟು ತುಂಬಿ ಸೀಲ್ ಮಾಡಿದ ರೆಡಿಮೇಡ್ ಸಾಕೆಟ್ ಸಾಕು. ಬಿಚ್ಚಲು ಬರುವಂಥದ್ದಾದರೆ ಒಳಗಿನ ದುಂಡು ಕೆಪಾಸಿಟರ್ ಮೇಲೆ ಎಷ್ಟು ಬರೆದಿದೆ ನೋಡಿ. 16 ವೋಲ್ಟ್ ಇದ್ದರೆ ವಾಪಸ್ ಕೊಡಿ. ಬ್ಯಾಟರಿ ಟರ್ಮಿನಲ್ ಸ್ವಲ್ಪ ಸಡಿಲವಾದರೂ ವೋಲ್ಟೇಜ್ ಅದನ್ನು ದಾಟುತ್ತದೆ. 35 ಅಥವಾ 50 ಇರಲಿ.

ಗಂಟು

ವೈರ್ ತಿರುಚಿ ಟೇಪ್ ಸುತ್ತುವುದು ನಮ್ಮ ಬಿಸಿಲಿಗೆ ಒಂದು ಬೇಸಿಗೆ ಬಾಳುವುದಿಲ್ಲ. ಗೋಂದು ಕರಗಿ ಟೇಪ್ ಜಾರುತ್ತದೆ, ಜಿಗುಟಿಗೆ ಧೂಳು ಮೆತ್ತುತ್ತದೆ, ಸರ್ವಿಸಿಂಗಿನ ನೀರು ಬಿದ್ದ ಮೇಲೆ ತಾಮ್ರಕ್ಕೆ ಹಸಿರು ಕಿಲುಬು. ಒತ್ತಿದರೆ ಕಚ್ಚಿಕೊಳ್ಳುವ ನೀಲಿ ಕ್ಲಿಪ್ ನೋಡಲು ಸುಲಭ, ಆದರೆ ಒಳಗಿನ ಬ್ಲೇಡ್ ಮೂಲ ವೈರಿನ ಎಳೆಗಳನ್ನೇ ಕತ್ತರಿಸಬಹುದು, ನೀರಿಗೂ ತಡೆಯಿಲ್ಲ. ಬೆಸುಗೆ ಗಟ್ಟಿ, ಆದರೆ ಬೆಸುಗೆ ಮುಗಿದ ಅಂಚಿನಲ್ಲಿ ವೈರ್ ಕಡ್ಡಿಯಂತಾಗಿ ಅಲ್ಲೇ ಮುರಿಯುತ್ತದೆ. ಅಲುಗದ ಜಾಗದಲ್ಲಿ, ಎರಡೂ ಕಡೆ ಅರ್ಧರ್ಧ ಇಂಚು ಹೀಟ್ ಸ್ಲೀವ್ (ಕಾಯಿಸಿದರೆ ಬಿಗಿಯಾಗುವ ಕೊಳವೆ) ದಾಟಿಸಿದರೆ ಮಾತ್ರ ಸರಿ. ಹ್ಯಾಂಡಲ್ ಹತ್ತಿರ ನಾವು ನಂಬುವುದು ಕ್ರಿಂಪ್ ಮಾಡಿದ (ಇಕ್ಕಳದಿಂದ ವೈರಿಗೆ ಒತ್ತಿ ಬಿಗಿದ) ಬುಲೆಟ್ ಕ್ಲಿಪ್ ಮತ್ತು ಮೇಲೊಂದು ಸ್ಲೀವ್. ಕ್ರಿಂಪ್ ಆದ ಮೇಲೆ ಕೈಯಿಂದ ಜಗ್ಗಿ ನೋಡಿ, ಬಂದರೆ ಮತ್ತೆ ಮಾಡಿ.

ಸಾಕೆಟ್ ಬಾಯಿ ನೆಲದ ಕಡೆಗೆ ಇರುವಂತೆ ಹ್ಯಾಂಡಲಿನ ಕೆಳಗೆ ಕಟ್ಟಿ. ರಬ್ಬರ್ ಮುಚ್ಚಳ ಬಿಸಿಲಿಗೆ ಬಿರಿಯುವುದು ಖಚಿತ, ಮೇಲ್ಮುಖವಾಗಿದ್ದರೆ ಆ ಬಿರುಕಿನಿಂದಲೇ ನೀರು ಇಳಿಯುತ್ತದೆ. ವೈರ್ ಕಟ್ಟುವ ಮುಂಚೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಲ್ಲೂ ಬಿಗಿಯಬಾರದು, ಲಾಕ್ ಜಾಗದಲ್ಲಿ ಸಿಕ್ಕಬಾರದು.

ಎಲ್ಲ ಸರಿಯಿದ್ದೂ ಲಿಂಗಸುಗೂರು ರಸ್ತೆಯಲ್ಲಿ ಮಧ್ಯಾಹ್ನ ಚಾರ್ಜ್ ನಿಂತರೆ ವೈರಿಂಗ್ ಬಿಚ್ಚಲು ಹೋಗಬೇಡಿ. ಲಿಥಿಯಂ ಬ್ಯಾಟರಿ 45 ಡಿಗ್ರಿ ಆಸುಪಾಸು ಕಾದಾಗ ಮೊಬೈಲೇ ಚಾರ್ಜ್ ತಡೆಯುತ್ತದೆ. ಹೋಲ್ಡರಿನಿಂದ ತೆಗೆದು ನೆರಳಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಚುಚ್ಚಿ ನೋಡಿ.