ಗುಲ್ಮಾರ್ಗ್ ಸ್ಕೀ ಪ್ರವಾಸ: ಮಕ್ಕಳ ಸುರಕ್ಷತೆಗೆ ಎಷ್ಟು ಅಂಕ?

ಮಂಗಳೂರಿನ ಪ್ರವಾಸ ಸಂಸ್ಥೆಯೊಂದರ ಮೂಲಕ ಕುಟುಂಬ ಸಮೇತ ಗುಲ್ಮಾರ್ಗ್‌ಗೆ ಹೋಗಿದ್ದೆವು. ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ತಲುಪಿಸುವ ಅಫರ್ವತ್ ಬೆಟ್ಟದ ಇಳಿಜಾರು ನುರಿತವರಿಗಷ್ಟೇ ತಕ್ಕುದಾದ್ದರಿಂದ, ಆರು ವರ್ಷದ ಮಗಳಿಗೆ ಕೆಳಗಿನ ಬಯಲಿನಲ್ಲೇ ಪಾಠ ಏರ್ಪಡಿಸಿದ್ದು ಮೆಚ್ಚತಕ್ಕದ್ದು. ತರಬೇತುದಾರರು ಅವಳ ಮುಂದೆ ಹಿಮ್ಮುಖವಾಗಿ ಜಾರುತ್ತ, ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ ವೇಗ ತಗ್ಗಿಸುವುದನ್ನು ತಾಳ್ಮೆಯಿಂದ ಕಲಿಸಿದರು. ಆದರೆ ಬಾಡಿಗೆಯ ಹೆಲ್ಮೆಟ್ ದೊಡ್ಡವರ ಅಳತೆಯದು. ಗಲ್ಲದ ಪಟ್ಟಿ ಬಿಗಿದರೂ ಹಣೆಯಿಂದ ಹಿಂದಕ್ಕೆ ಸರಿಯುತ್ತಿತ್ತು. ಕೇಳಿದ ಮೇಲೆ ಬದಲಾಯಿಸಿಕೊಟ್ಟರೆನ್ನಿ. ನಮ್ಮ ಕರಾವಳಿಯ ಸೆಕೆಗೆ ಒಗ್ಗಿದ ಮಕ್ಕಳ ಬೆರಳುಗಳು ಬೇಗ ಮರಗಟ್ಟುವುದರಿಂದ ನೀರು ಹಿಡಿಯದ ಕೈಗವಸನ್ನೂ ಸಂಸ್ಥೆಯವರೇ ಒದಗಿಸಬೇಕಿತ್ತು. ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳೆಂಬುದನ್ನು ಲಿಖಿತವಾಗಿ ಪಡೆದ ನಂತರವೇ ಮುಂಗಡ ಕೊಡುವುದು ಒಳ್ಳೆಯದು.